ಜಾತಿ ನಾಯಿ, ಬೆರಕೆ ನಾಯಿ: ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಹೆಣ್ಣು ನಾಯಿಗೆ ಮೂರು ವರ್ಷ. ಪರಿಚಯದವರೊಬ್ಬರು ತಮ್ಮ ಪೂಡಲ್ ಗಂಡಿನೊಂದಿಗೆ ಕೂಡಿಸೋಣ ಎನ್ನುತ್ತಿದ್ದಾರೆ. ಮರಿಗಳಿಗೆ ಎರಡೂ ತಳಿಗಳ ಒಳ್ಳೆಯ ಗುಣ ಬರುತ್ತದಂತೆ, ಬೆರಕೆ ನಾಯಿಗೆ ರೋಗವೇ ಬರುವುದಿಲ್ಲವಂತೆ. ನನ್ನ ಅಣ್ಣ ಮಾತ್ರ ‘ತಳಿ ಕೆಡಿಸಬೇಡ’ ಎಂದು ಹಟ ಹಿಡಿದಿದ್ದಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ಅರ್ಧ ಸರಿ. ಮೊದಲು ನಿಮ್ಮ ಪರಿಚಯದವರ ಮಾತು ನೋಡೋಣ. ಮರಿಗಳು ಅಪ್ಪ ಅಮ್ಮನಿಂದ ಒಳ್ಳೆಯದನ್ನಷ್ಟೇ ಆರಿಸಿಕೊಂಡು ಹುಟ್ಟುವುದಿಲ್ಲ. ಪೂಡಲ್‌ನ ಚುರುಕು, ಲ್ಯಾಬ್ರಡಾರ್‌ನ ಸೌಮ್ಯತೆ ಬರಬಹುದು. ಪೂಡಲ್‌ನ ಕಳವಳವೂ ಲ್ಯಾಬ್ರಡಾರ್‌ನ ತಿಂಡಿಪೋತತನವೂ ಒಂದೇ ಮರಿಯಲ್ಲಿ ಸೇರಬಹುದು.

ರೋಗದ ವಿಷಯದಲ್ಲಿ ಅವರು ಹೇಳುವುದಕ್ಕೆ ಆಧಾರವೇ ಇಲ್ಲವೆಂದಲ್ಲ. ಜಾತಿ ನಾಯಿಗಳ ನೋಂದಣಿ ಪುಸ್ತಕಕ್ಕೆ ಹೊರಗಿನ ನಾಯಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ತಲೆಮಾರುಗಟ್ಟಲೆ ಅದೇ ಪೂರ್ವಜರ ರಕ್ತ ಮತ್ತೆ ಮತ್ತೆ ಕೂಡುತ್ತದೆ, ಅಡಗಿದ್ದ ದೋಷಗಳು ಹೊರಬೀಳುತ್ತವೆ. ಬೇರೆ ತಳಿಯ ರಕ್ತ ಬಂದಾಗ ಅವು ಮತ್ತೆ ಅಡಗುತ್ತವೆ. ಆದರೆ ಎರಡೂ ತಳಿಗಳಲ್ಲಿ ಅದೇ ದೋಷವಿದ್ದರೆ ಬೆರಕೆಯಿಂದ ಏನು ಲಾಭ? ನಿಮ್ಮ ಜೋಡಿಯ ತೊಡಕು ಇದೇ. ಕಣ್ಣಿನ ಪರದೆ ನಿಧಾನವಾಗಿ ಸವೆದು ನಾಯಿಯನ್ನು ಕುರುಡಾಗಿಸುವ ಒಂದು ಆನುವಂಶಿಕ ಕಾಯಿಲೆ ಲ್ಯಾಬ್ರಡಾರ್‌ನಲ್ಲೂ ಇದೆ, ಪೂಡಲ್‌ನಲ್ಲೂ ಇದೆ. ಸೊಂಟದ ಕೀಲು ಸಡಿಲವಾಗುವ ತೊಂದರೆಯೂ ಹಾಗೆಯೇ.

2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 27 ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆ ಜಾಲಾಡಿ 24 ಆನುವಂಶಿಕ ಕಾಯಿಲೆಗಳ ಲೆಕ್ಕ ತೆಗೆದರು. ಹತ್ತು ಕಾಯಿಲೆ ಜಾತಿ ನಾಯಿಗಳಲ್ಲಿ ಹೆಚ್ಚು. ಒಂದು, ಅಂದರೆ ಮೊಣಕಾಲಿನ ಅಸ್ಥಿರಜ್ಜು ಹರಿಯುವುದು, ಬೆರಕೆ ನಾಯಿಗಳಲ್ಲಿ ಹೆಚ್ಚು. ಉಳಿದ ಹದಿಮೂರರಲ್ಲಿ ವ್ಯತ್ಯಾಸವೇ ಇರಲಿಲ್ಲ. ಸೊಂಟದ ಕೀಲಿನ ತೊಂದರೆ ಈ ಹದಿಮೂರರಲ್ಲಿ ಒಂದು.

ಇನ್ನು ನಿಮ್ಮ ಅಣ್ಣನ ಮಾತು. ಅವರಿಗೆ ಡಾಲ್ಮೇಷಿಯನ್ ಕಥೆ ಹೇಳಿ. ಮೈತುಂಬ ಚುಕ್ಕೆಯ ಆ ತಳಿಯ ಪ್ರತಿಯೊಂದು ನಾಯಿಯ ಮೂತ್ರದಲ್ಲೂ ಯೂರಿಕ್ ಆಮ್ಲ ಹೆಚ್ಚಿರುತ್ತಿತ್ತು. ಹಲವು ಗಂಡು ನಾಯಿಗಳಲ್ಲಿ ಅದು ಕಲ್ಲಾಗಿ ಮೂತ್ರ ಕಟ್ಟುತ್ತಿತ್ತು. ಇಡೀ ತಳಿಯಲ್ಲಿ ದೋಷವಿಲ್ಲದ ವಂಶವಾಹಿಯೇ ಉಳಿದಿರಲಿಲ್ಲವಾದ್ದರಿಂದ ಎಷ್ಟು ಜಾಗ್ರತೆಯಿಂದ ಜೋಡಿ ಆರಿಸಿದರೂ ಪ್ರಯೋಜನವಿರಲಿಲ್ಲ. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದು ಡಾಲ್ಮೇಷಿಯನ್ನನ್ನು ಪಾಯಿಂಟರ್ ಎಂಬ ಬೇರೆ ತಳಿಯ ಒಂದು ನಾಯಿಯೊಂದಿಗೆ ಕೂಡಿಸಿದರು. ಒಂದೇ ಸಲ. ಆಮೇಲೆ ಪ್ರತಿ ತಲೆಮಾರಿನಲ್ಲೂ ಆರೋಗ್ಯವಂತ ಮರಿಯನ್ನು ಆರಿಸಿ ಮತ್ತೆ ಡಾಲ್ಮೇಷಿಯನ್‌ಗೇ ಕೂಡಿಸುತ್ತ ಹೋದರು. ಕೆಲವೇ ತಲೆಮಾರಿನಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣದಷ್ಟು ಚುಕ್ಕೆ ಮರಳಿತು, ಕಲ್ಲಿನ ಕಾಟ ಮಾತ್ರ ಮರಳಲಿಲ್ಲ. 1981ರಲ್ಲಿ ಜಾತಿ ನಾಯಿಗಳ ನೋಂದಣಿ ಪುಸ್ತಕ ಇಡುವ ಅಮೆರಿಕನ್ ಕೆನಲ್ ಕ್ಲಬ್ ಈ ಸಾಲಿನ ಎರಡು ನಾಯಿಗಳನ್ನು ನೋಂದಾಯಿಸಿತು. ತಳಿಪ್ರಿಯರು ಗಲಾಟೆ ಎಬ್ಬಿಸಿದ್ದರಿಂದ ಅಲ್ಲಿಗೇ ನಿಲ್ಲಿಸಿತು. ಮತ್ತೆ ಒಪ್ಪಿಕೊಂಡದ್ದು 2011ರಲ್ಲಿ. ಮೂವತ್ತು ವರ್ಷ ಆ ಪುಸ್ತಕದ ಶುದ್ಧಿಗಾಗಿ ಎಷ್ಟು ನಾಯಿಗಳು ಮೂತ್ರ ಕಟ್ಟಿ ನರಳಿದವೋ! ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಆದರೆ ಶೈಬಲ್ ಅವರಿಗೆ ಯಾವ ದೋಷ ಕಳೆಯಬೇಕು, ಅದಕ್ಕೆ ಯಾವ ನಾಯಿ ಬೇಕು ಎಂಬುದು ಗೊತ್ತಿತ್ತು. ನಿಮ್ಮ ಜೋಡಿಗೆ ಅಂಥ ಕಾರಣ ನನಗೆ ಕಾಣುತ್ತಿಲ್ಲ, ಪೂಡಲ್ ಹತ್ತಿರದಲ್ಲಿದೆ ಎಂಬುದನ್ನು ಬಿಟ್ಟರೆ. ಆದರೂ ಮನಸ್ಸಿದ್ದರೆ ಮೊದಲು ಎರಡೂ ನಾಯಿಗಳ ಸೊಂಟದ ಎಕ್ಸ್‌ರೇ, ಕಣ್ಣಿನ ಪರೀಕ್ಷೆ, ನಾನು ಹೇಳಿದ ಕಣ್ಣಿನ ಕಾಯಿಲೆಗೆ ಡಿಎನ್‌ಎ ಪರೀಕ್ಷೆ ಮಾಡಿಸಿ. ಪೂಡಲ್‌ನವರು ‘ನಮ್ಮದು ಗಟ್ಟಿಮುಟ್ಟಾಗಿದೆ, ಪರೀಕ್ಷೆ ಯಾಕೆ’ ಎಂದರೆ ಮಾತುಕತೆ ಅಲ್ಲಿಗೇ ಮುಗಿಸಿ. ಲ್ಯಾಬ್ರಡಾರ್ ಒಮ್ಮೆಗೆ ಏಳೆಂಟು ಮರಿ ಹಾಕುವುದು ಸಾಮಾನ್ಯ. ಅಷ್ಟಕ್ಕೂ ಮನೆ ಹುಡುಕಿಟ್ಟಿದ್ದೀರಾ?

ಪ್ರಶ್ನೆ: ಮಗನಿಗೆ ನಾಯಿಯ ಅಲರ್ಜಿ. ಲ್ಯಾಬ್ರಡಾರ್ ಮತ್ತು ಪೂಡಲ್‌ನ ಬೆರಕೆಯಾದ ಲ್ಯಾಬ್ರಡೂಡಲ್‌ನ ಕೂದಲು ಉದುರುವುದಿಲ್ಲ, ಅಲರ್ಜಿಯೂ ಆಗುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ನಂಬಬಹುದೇ?

ಉತ್ತರ: ನಂಬಬೇಡಿ. ಅಲರ್ಜಿ ತರುವುದು ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನ್. ಕೂದಲು ಅದನ್ನು ಹೊತ್ತು ತಿರುಗುವ ವಾಹನವಷ್ಟೇ.

ಈ ಬೆರಕೆಯನ್ನು ಪ್ರಸಿದ್ಧಗೊಳಿಸಿದ ವಾಲಿ ಕಾನ್‌ರನ್ ಅವರ ಅನುಭವವೇ ಇದಕ್ಕೆ ಸಾಕ್ಷಿ. ಅವರು ಆಸ್ಟ್ರೇಲಿಯಾದಲ್ಲಿ ಅಂಧರ ಮಾರ್ಗದರ್ಶಕ ನಾಯಿಗಳ ಸಂಸ್ಥೆಯಲ್ಲಿದ್ದರು. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ನಾಯಿ ಬೇಕಿತ್ತು, ಅವರ ಗಂಡನಿಗೆ ಅಲರ್ಜಿ. 1980ರ ದಶಕದ ಕೊನೆಯಲ್ಲಿ ಲ್ಯಾಬ್ರಡಾರ್‌ಗೆ ಪೂಡಲ್ ಕೂಡಿಸಿ ಮೂರು ಮರಿ ಪಡೆದು, ಅವುಗಳ ಕೂದಲು, ಜೊಲ್ಲಿನ ಮಾದರಿ ಕಳಿಸಿದರು. ಆ ಮನುಷ್ಯನಿಗೆ ಒಗ್ಗಿದ್ದು ಮೂರರಲ್ಲಿ ಒಂದೇ. ಉಳಿದ ಬೆರಕೆ ಮರಿಗಳನ್ನು ಸಾಕಲು ಯಾರೂ ಮುಂದೆ ಬರಲಿಲ್ಲ. ‘ಲ್ಯಾಬ್ರಡೂಡಲ್’ ಎಂದು ಹೆಸರಿಟ್ಟು ಸುದ್ದಿ ಮಾಡಿದ್ದೇ ತಡ, ಜನ ಮುಗಿಬಿದ್ದರು. ನಾಯಿ ಅದೇ, ಹೆಸರು ಹೊಸದು. ಹೊಣೆಗೇಡಿ ಮಾರಾಟಗಾರರ ಹಾವಳಿ ಕಂಡು, ಇದನ್ನು ಶುರು ಮಾಡಿದ್ದಕ್ಕೆ ಅವರೇ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು.

ಕೂದಲು ಉದುರದಿರುವುದೂ ಖಾತ್ರಿಯಿಲ್ಲ. ಎರಡು ಲ್ಯಾಬ್ರಡೂಡಲ್‌ಗಳನ್ನೇ ಕೂಡಿಸಿದಾಗ ಕೆಲವು ಮರಿಗಳು ಥೇಟ್ ಲ್ಯಾಬ್ರಡಾರ್‌ನಂತೆ ಸೋಫಾ ತುಂಬ ಕೂದಲು ಚೆಲ್ಲುತ್ತವೆ. ಉದುರದ ಕೂದಲಿನದು ಬೇರೆಯೇ ಪಾಡು. ನನ್ನಲ್ಲಿಗೆ ಬಂದ ಒಂದು ನಾಯಿಯ ಮೈಕೂದಲು ತಿಂಗಳುಗಟ್ಟಲೆ ಬಾಚಣಿಗೆ ಕಾಣದೆ ಗಂಟುಗಟ್ಟಿತ್ತು. ಯಂತ್ರದಿಂದ ಬೋಳಿಸಿದಾಗ ಅದು ಕಂಬಳಿಯ ತುಂಡಿನಂತೆ ಇಡಿಯಾಗಿ ಕಳಚಿ ಬಂತು. ಕೆಳಗೆ ಕಂಕುಳಿನ ಚರ್ಮ ಕೆಂಪಗೆ ಹಸಿಹಸಿಯಾಗಿತ್ತು. ಒಡೆಯರಿಗೆ ಮಾರುವಾಗ ಹೇಳಿದ್ದು ‘ಇದಕ್ಕೆ ಏನೂ ಆರೈಕೆ ಬೇಡ’ ಎಂದು.

ಮಗನ ಅಲರ್ಜಿ ತಜ್ಞರನ್ನು ಮೊದಲು ಕೇಳಿ. ಉಬ್ಬಸ ಇಲ್ಲವೆಂದು ಅವರು ಒಪ್ಪಿದರೆ, ಕೊಳ್ಳಬೇಕೆಂದಿರುವ ಅದೇ ನಾಯಿಯೊಂದಿಗೆ ಅವನು ಕೆಲವು ದಿನ ಗಂಟೆಗಟ್ಟಲೆ ಆಡಲಿ. ತಳಿಯ ಹೆಸರು ಏನನ್ನೂ ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಜರ್ಮನ್ ಶೆಫರ್ಡ್ ಹೆಣ್ಣಿಗೆ ಒಮ್ಮೆ ಬೀದಿ ನಾಯಿಯಿಂದ ಮರಿಗಳಾದವು. ಇನ್ನು ಮುಂದೆ ಶುದ್ಧ ಮರಿ ಹುಟ್ಟುವುದಿಲ್ಲವೇ?

ಉತ್ತರ: ಹುಟ್ಟುತ್ತವೆ. ಹಳೆಯ ಗಂಡಿನ ಗುರುತು ಗರ್ಭದಲ್ಲಿ ಉಳಿಯುತ್ತದೆಂಬುದು ಬರೀ ಮೂಢನಂಬಿಕೆ. ಆದರೆ ಒಂದೇ ಬೆದೆಯಲ್ಲಿ ಎರಡು ಗಂಡು ಕೂಡಿದರೆ ಒಂದೇ ಸೂಲಿನ ಮರಿಗಳಿಗೆ ಇಬ್ಬರು ಅಪ್ಪಂದಿರು ಇರಬಹುದು. ಮುಂದಿನ ಬೆದೆ ಶುರುವಾದಾಗಿನಿಂದ ಮೂರು ವಾರ ಹಿತ್ತಿಲ ಬಾಗಿಲಿಗೂ ಚಿಲಕ ಹಾಕಿರಲಿ.