ಓದುಗರ ಪ್ರಶ್ನೆ: ಕೂಡಿ ಬಾಡಿಗೆ, ಕೂಡಿ ಅಡುಗೆ

ಪ್ರಶ್ನೆ: ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿರುವ ನಾವು ಹತ್ತು ಮಂದಿಗೆ ಹಾಸ್ಟೆಲ್ ಸಿಕ್ಕಿಲ್ಲ. ಹತ್ತಿರದಲ್ಲೇ ಮನೆ ಹಿಡಿದು ಸಹಕಾರಿ ಪದ್ಧತಿಯಲ್ಲಿ ನಡೆಸಬೇಕೆಂದಿದ್ದೇವೆ. ಸಂಘ ನೋಂದಾಯಿಸಲೇಬೇಕೆ? ಕರಾರು ಯಾರ ಹೆಸರಿಗೆ ಮಾಡಿಸಬೇಕು?
– ವಿದ್ಯಾರ್ಥಿನಿ, ಸೊರಬ

ಉತ್ತರ: ನೋಂದಣಿ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನರಿದ್ದರೆ ಸಂಘ ಕಟ್ಟಬಹುದು, ನಿಜ. ಆದರೆ ಪ್ರತಿ ವರ್ಷ ಸಾಮಾನ್ಯ ಸಭೆ ನಡೆಸಿ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸುತ್ತಿರಬೇಕು. ಎರಡು ವರ್ಷಕ್ಕೆ ಎಲ್ಲರೂ ಊರು ಬಿಡುವ ಮನೆಗೆ ಅದು ಹೊರೆಯೇ. ಸಹಕಾರದ ತಿರುಳು ಒಬ್ಬರಿಗೆ ಒಂದೇ ಮತ. ಅದನ್ನು ನೋಟುಪುಸ್ತಕದಲ್ಲಿ ಬರೆದು ಹತ್ತೂ ಜನ ಸಹಿ ಹಾಕಿದರೆ ಸಾಕು.

ಕರಾರು ಹನ್ನೊಂದು ತಿಂಗಳಿಗೆ, ಇ-ಸ್ಟಾಂಪ್ ಕಾಗದದ ಮೇಲೆ. ಒಬ್ಬರೇ ಸಹಿ ಹಾಕಿದರೆ ಉಳಿದವರು ಬಾಡಿಗೆ ಕೊಡದ ತಿಂಗಳು ಮಾಲೀಕರು ಹಿಡಿದುಕೊಳ್ಳುವುದು ಅವರನ್ನೇ. ಆದ್ದರಿಂದ ಎಲ್ಲರ ಹೆಸರೂ ಇರಲಿ, ಎಲ್ಲರಿಗೂ 18 ತುಂಬಿರಲಿ.

ಇಂಥ ಮನೆಗಳು ಒಡೆಯುವುದು ಬಹುತೇಕ ಮುಂಗಡದ ಹಣದಲ್ಲಿ. 60,000 ರೂಪಾಯಿ ಮುಂಗಡವಾದರೆ ತಲೆಗೆ 6,000. ಬಿಟ್ಟುಹೋಗುವವರು ಹೊಸಬರಿಂದ ನೇರವಾಗಿ ಆ ದುಡ್ಡು ಇಸಿದುಕೊಂಡು ಹೊರಟರೆ, ಅವರ ಹಳೆಯ ಬಾಕಿ ಉಳಿದವರ ತಲೆಗೆ ಬರುತ್ತದೆ. ಹೊಸಬರು 6,000ವನ್ನು ಮನೆಯ ಖಾತೆಗೆ ಕಟ್ಟಲಿ. ಬಾಕಿ ಮುರಿದುಕೊಂಡು ಮಿಕ್ಕಿದ್ದನ್ನು ಹೋಗುವವರಿಗೆ ಕೊಡಿ. ಮನೆ ಖಾಲಿ ಮಾಡುವಾಗ ಸುಣ್ಣಬಣ್ಣದ ಖರ್ಚು ಮುಂಗಡದಲ್ಲೇ ಮುರಿಯುತ್ತಾರೆ, ಕೊನೆಯ ವರ್ಷ ಇದ್ದವರಿಗೆ ಅನ್ಯಾಯವಾಗುತ್ತದೆ. ಮೊದಲ ತಿಂಗಳಿಂದಲೇ ತಲೆಗೆ 50 ರೂಪಾಯಿ ತೆಗೆದಿಡಿ, ವರ್ಷಕ್ಕೆ 6,000 ಕೂಡುತ್ತದೆ.

ಬ್ಯಾಂಕಿನಲ್ಲಿ ಇಬ್ಬರ ಹೆಸರಿನ ಜಂಟಿ ಉಳಿತಾಯ ಖಾತೆ ಸಾಕು. ಇಬ್ಬರ ಸಹಿಯೂ ಬೇಕೆಂದು ಬರೆಸಿದರೆ ಸಾಮಾನ್ಯವಾಗಿ ಯುಪಿಐ ಸಿಗದು. ಹಾಗಾಗಿ ಮುಂಗಡ ಮತ್ತು ಸುಣ್ಣಬಣ್ಣದ ದುಡ್ಡು ಮಾತ್ರ ಅಲ್ಲಿರಲಿ.

ಪ್ರಶ್ನೆ: ನಮ್ಮ ಮನೆಯಲ್ಲಿ ತೀರ್ಥಹಳ್ಳಿ, ಸಾಗರದವರು ವಾರ ವಾರ ಊರಿಗೆ ಹೋಗುತ್ತಾರೆ, ಬಳ್ಳಾರಿ ಕಡೆಯವರು ಇಲ್ಲೇ ಇರುತ್ತಾರೆ. ಊಟದ ಖರ್ಚು ಹಂಚುವಾಗ ಪ್ರತಿ ತಿಂಗಳೂ ಜಗಳ.
– ಸಂಶೋಧನಾ ವಿದ್ಯಾರ್ಥಿ, ಬಿ.ಆರ್. ಪ್ರಾಜೆಕ್ಟ್

ಉತ್ತರ: ಎರಡು ಬಗೆಯ ಖರ್ಚನ್ನು ಒಂದೇ ಪುಟದಲ್ಲಿ ಬರೆಯುವುದರಿಂದ ಬರುವ ಜಗಳ ಇದು. ಬಾಡಿಗೆ, ಅಡುಗೆಯವರ ಸಂಬಳ, ಇಂಟರ್‌ನೆಟ್ ಇವು ಯಾರು ಇರಲಿ ಬಿಡಲಿ ನಿಲ್ಲುವುದಿಲ್ಲ. ರಜೆಯ ತಿಂಗಳೂ ಸೇರಿ ಎಲ್ಲರಿಗೂ ಸಮಪಾಲು. ದಿನಸಿ, ತರಕಾರಿ, ಹಾಲು, ಗ್ಯಾಸ್ ಮಾತ್ರ ಊಟದ ದಿನಗಳ ಮೇಲೆ.

ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಎಡಕ್ಕೆ ಹೆಸರು, ಮೇಲೆ ತಾರೀಖು. ಉಂಡ ದಿನಕ್ಕೆ ಒಂದು ಗೀಟು. ತಿಂಗಳ ಕೊನೆಗೆ ಗೀಟು ಒಟ್ಟು 252, ಖರ್ಚು 17,640 ರೂಪಾಯಿ ಎಂದಿಟ್ಟುಕೊಳ್ಳಿ. ಭಾಗಿಸಿದರೆ ದಿನಕ್ಕೆ 70. ಇಪ್ಪತ್ತು ದಿನ ಉಂಡವರು 1,400 ಕೊಟ್ಟರಾಯಿತು.

ಈ ಲೆಕ್ಕ ಕೆಡುವುದು ‘ಕಟ್’ನಲ್ಲಿ, ಅಂದರೆ ಆ ದಿನದ ಊಟ ಬಿಡುವುದರಲ್ಲಿ. ಬೆಳಿಗ್ಗೆ ಎದ್ದು ‘ಇವತ್ತು ಊಟ ಬೇಡ’ ಎಂದವರ ಅಕ್ಕಿ ಅಷ್ಟರಲ್ಲಿ ಪಾತ್ರೆಗೆ ಬಿದ್ದಿರುತ್ತದೆ. ಹಿಂದಿನ ರಾತ್ರಿ ಎಂಟರೊಳಗೆ ತಿಳಿಸಬೇಕು. ಒಂದೇ ಹೊತ್ತಿನ ಕಟ್ ಇಲ್ಲ. ಅತಿಥಿ ಬಂದರೆ ಕರೆದವರ ಹೆಸರಿಗೆ ಇನ್ನೊಂದು ಗೀಟು. ದಿನಸಿ ತರುವ ಸರದಿ ವಾರಕ್ಕೊಬ್ಬರದಾಗಲಿ, ಲೆಕ್ಕ ಬರೆಯುವವರು ಬೇರೆಯವರಾಗಲಿ. ಎರಡೂ ಒಬ್ಬರ ಕೈಯಲ್ಲಿದ್ದರೆ ಎಷ್ಟೇ ಪ್ರಾಮಾಣಿಕರಾದರೂ ಅನುಮಾನ ತಪ್ಪದು.

ಅಳತೆಗೂ ಒಂದು ಮಾತು: ಹತ್ತು ಜನರ ಒಂದು ಹೊತ್ತಿಗೆ ಒಂದೂಕಾಲರಿಂದ ಒಂದೂವರೆ ಕೆ.ಜಿ. ಅಕ್ಕಿ, ಸಾರಿಗೆ 300 ಗ್ರಾಂ ತೊಗರಿಬೇಳೆ. ಅನ್ನ ದಿನಾ ಮಿಗುತ್ತಿದ್ದರೆ ಕಾಲು ಕೆ.ಜಿ. ಇಳಿಸಿ ನೋಡಿ. ಮಿಕ್ಕ ಅನ್ನ ಚಿತ್ರಾನ್ನವಾಗುವುದು ವಾರಕ್ಕೆರಡು ಸಲ ಆದರೆ ಚೆಂದ, ನಿತ್ಯ ಆದರೆ ಮತ್ತೆ ಜಗಳ.

ಪ್ರಶ್ನೆ: ಗೃಹಜ್ಯೋತಿ ಇದ್ದರೂ ಮೆಸ್ಕಾಂ ಬಿಲ್ ಬರುತ್ತಿದೆ. ನಾವು ಹತ್ತು ಜನ, ಒಂದೇ ಮೀಟರು. ಏಕೆ?
– ಓದುಗ, ಭದ್ರಾವತಿ

ಉತ್ತರ: ಗೀಸರನ್ನು ನೋಡಿ. 2,000 ವಾಟ್‌ನದು ಕಾಲು ಗಂಟೆ ಓಡಿದರೆ ಅರ್ಧ ಯೂನಿಟ್. ಹತ್ತು ಸ್ನಾನಕ್ಕೆ ದಿನಕ್ಕೆ 5, ತಿಂಗಳಿಗೆ 150. ಫ್ರಿಜ್, ಪಂಪು, ಮಿಕ್ಸಿ ಸೇರಿದರೆ ಗೃಹಜ್ಯೋತಿಯ ಗರಿಷ್ಠ ಮಿತಿಯಾದ 200 ಯೂನಿಟ್ ದಾಟುವುದು ಕಷ್ಟವಲ್ಲ, ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಇನ್ನೂರರೊಳಗಿದ್ದರೂ ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾದ ಮಿತಿ ಮೀರಿದರೆ ಹೆಚ್ಚಿನ ಯೂನಿಟ್‌ಗೆ ಹಣ ಕೊಡಬೇಕು. ಯಾರ ಆಧಾರ್ ಜೋಡಿಸಿದ್ದೀರೋ ಅವರು ಮನೆ ಬಿಡುವಾಗ ಅದನ್ನು ತೆಗೆಸಿಯೇ ಹೋಗಲಿ.

ಬಚ್ಚಲಲ್ಲಿ ಹಳೆಯ ಹಂಡೆ ಒಲೆ ಇದ್ದರೆ ಮುಚ್ಚಿಸಬೇಡಿ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆಯಲ್ಲಿ ಹತ್ತು ಜನರ ನೀರು ಕಾಯುತ್ತದೆ. ಆದರೆ ಜೂನ್‌ಗೆ ಮೊದಲೇ ಒಣಗಿದ್ದನ್ನು ಒಳಗೆ ಸೇರಿಸಿಡಬೇಕು. ನೆಂದ ಸಿಪ್ಪೆ ಹೊಗೆಯಾಡುತ್ತದೆಯೇ ಹೊರತು ಉರಿಯದು.

ಪ್ರಶ್ನೆ: ಬೇಸಿಗೆಯಲ್ಲಿ ಹೆಂಚಿನ ಮನೆ ನೋಡಿದರೆ ಸೋರುತ್ತದೋ ಇಲ್ಲವೋ ತಿಳಿಯುವುದು ಹೇಗೆ?
– ಓದುಗ, ಹೊಸನಗರ

ಉತ್ತರ: ಗೋಡೆಯ ಮೇಲಂಚಿನಲ್ಲಿ ಕಂದು ಗೆರೆ, ಹೆಂಚಿನಡಿಯ ಮರದ ರೀಪಿನಲ್ಲಿ ಕಪ್ಪು ಕಲೆ ಇದ್ದರೆ ಸೋರಿದೆ ಎಂದೇ ಅರ್ಥ. ಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ ಮೇಲೆ ನೋಡಿ, ಬೆಳಕು ಬರುವ ಸಂದಿಯಲ್ಲಿ ನೀರೂ ಬರುತ್ತದೆ. ಮಂಗಗಳು ಓಡಾಡುವ ಕಡೆ ಹೆಂಚು ಸರಿಯುವುದು ಮಾಮೂಲು. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವ ಖರ್ಚು ಮಾಲೀಕರದ್ದು ಎಂದು ಕರಾರಿನಲ್ಲೇ ಬರೆಸಿ.