ಕೋವಿಡ್ ಸಮಯದಲ್ಲಿ ಗಂಡ ಹೆಂಡತಿಯ ಸರಸ ಫೋನಿಗೆ ಬಂತಲ್ಲ, ಅದರಿಂದ ನಿಜವಾಗಿ ಏನಾದರೂ ಬದಲಾಯಿತಾ?

ಬದಲಾಯಿತು. ನಮ್ಮಿಬ್ಬರ ಮಟ್ಟಿಗೆ ಮಾತು ಶುರುವಾದದ್ದೇ ಆಗ.

ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ, ಅತ್ತೆ ಮಾವನ ಜೊತೆ. ಗಂಡನ ಕೆಲಸ ಮಂಗಳೂರಿನಲ್ಲಿ. 2020ರ ಮಾರ್ಚ್ ಕೊನೆಗೆ ಎರಡು ರಾಜ್ಯಗಳ ನಡುವಿನ ತಲಪಾಡಿ ಗಡಿ ಮುಚ್ಚಿತು, ಒಳರಸ್ತೆಗಳಿಗೂ ಮಣ್ಣು ಬಿತ್ತು. ಆಸ್ಪತ್ರೆಗೆ ಹೊರಟ ರೋಗಿಗಳೇ ಗಡಿಯಲ್ಲಿ ಸಿಕ್ಕಿಬಿದ್ದ ಕಾಲ. ಹೆಂಡತಿಯನ್ನು ನೋಡಬೇಕು ಅಂದರೆ ಯಾರು ಬಿಡುತ್ತಾರೆ? ಬಸ್ಸಿನ ದಾರಿ ದುಬೈಯಷ್ಟು ದೂರವಾಯಿತು.

ಮೊದಮೊದಲು ಊಟ ಆಯ್ತಾ, ಅಕ್ಕಿ ಉಂಟಾ, ಇಷ್ಟೇ ಮಾತು. ನಮ್ಮದು ಹಳೆಯ ಹೆಂಚಿನ ಮನೆ, ಗೋಡೆಗಳು ಮಾಡಿನವರೆಗೆ ಏರಿಲ್ಲ. ಒಂದು ಕೋಣೆಯಲ್ಲಿ ಪಿಸುಗುಟ್ಟಿದರೂ ಇನ್ನೊಂದಕ್ಕೆ ಕೇಳುತ್ತದೆ. ದಾರಿ ಹೇಳಿಕೊಟ್ಟದ್ದು ಪಕ್ಕದ ಮನೆಯ ಅಕ್ಕ. ಅವರ ಗಂಡ ಗಲ್ಫಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಅಂಥ ಹೆಂಗಸರು ತುಂಬಾ ಜನ. ಉಳಿದವರಿಗೆ ಕೋವಿಡ್ ಕಲಿಸಿದ್ದನ್ನು ಅವರು ಮೊದಲೇ ಕಲಿತಿದ್ದರು. "ಹೇಳಲಿಕ್ಕೆ ನಾಚಿಕೆ ಆದರೆ ಬರೆ ಮಾರಾಯ್ತಿ" ಅಂದರು.

ಬರೆದೆ. ಮಕ್ಕಳು ಮಲಗಿದ ಮೇಲೆ, ಫೋನಿನ ಬೆಳಕು ಕಡಿಮೆ ಮಾಡಿಕೊಂಡು. ನನಗೆ ಏನು ಇಷ್ಟ, ಏನು ಬೇಡ, ಎಷ್ಟು ಸಲ ಸುಸ್ತಾಗಿದ್ದರೂ ಸುಮ್ನೆ ಒಪ್ಪಿಕೊಂಡಿದ್ದೆ, ಎಲ್ಲಾ. ಪಕ್ಕದಲ್ಲೇ ಮಲಗಿದ್ದಾಗ ಬಾಯಿಗೆ ಬಾರದ ಮಾತುಗಳವು. ತುಂಬಾ ಹೊತ್ತಿನ ಮೇಲೆ ಉತ್ತರ ಬಂತು: "ನನಗೆ ಗೊತ್ತೇ ಇರಲಿಲ್ಲ. ಇನ್ನು ಕೇಳ್ತೇನೆ." ಈಗಲೂ ಕೇಳುತ್ತಾರೆ.

ಹಾಗಂತ ಫೋನು ಸ್ಪರ್ಶದ ಜಾಗ ತುಂಬಿತು ಅಂತ ಹೇಳಲಾರೆ. ಅವರು ಬಿಟ್ಟುಹೋದ ಒಂದು ಅಂಗಿಯನ್ನು ಒಗೆಯದೆ ಇಟ್ಟುಕೊಂಡಿದ್ದೆ, ಆ ಬೆವರಿನ ವಾಸನೆಗಾಗಿ.

ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2020ರ ಮಾರ್ಚಿನಲ್ಲೇ ಕೋವಿಡ್ ಮತ್ತು ಲೈಂಗಿಕತೆಯ ಬಗ್ಗೆ ನೇರವಾಗಿ ಸಲಹೆ ಕೊಟ್ಟಿತ್ತು. ಎಲ್ಲಕ್ಕಿಂತ ಸುರಕ್ಷಿತ ಸಂಗಾತಿ ನೀವೇ, ಆಮೇಲೆ ಒಂದೇ ಮನೆಯಲ್ಲಿರುವವರು, ದೂರ ಇದ್ದವರಿಗೆ ವಿಡಿಯೋ ಕಾಲ್ ಅಂತ. ನನ್ನ ಕಿವಿಗೆ ಬಿದ್ದದ್ದು ಕೈ ತೊಳೆಯುವುದು, ಮಾಸ್ಕ್ ಹಾಕುವುದು ಮಾತ್ರ. ಇದನ್ನೂ ಯಾರಾದರೂ ಹೇಳಬೇಕಿತ್ತು, ಅಲ್ವಾ?

ಫೋಟೋ ಬಗ್ಗೆ ಮಾತ್ರ ಎಚ್ಚರ. ನಾನು ಕಳಿಸಲಿಲ್ಲ, ಅವರೂ ಕೇಳಲಿಲ್ಲ. ನೀವು ಕಳಿಸಿದ್ದರೆ ನಿಮ್ಮನ್ನೇ ದೂರಿಕೊಳ್ಳಬೇಡಿ. ಒಪ್ಪಿಗೆಯಿಲ್ಲದೆ ನಿಮ್ಮ ಖಾಸಗಿ ಚಿತ್ರ ಹಂಚಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಪ್ರಕಾರ 3 ವರ್ಷದವರೆಗೆ ಜೈಲು ಆಗಬಹುದು. ಯಾರಾದರೂ ಹೆದರಿಸಿದರೆ ದುಡ್ಡು ಕೊಡಬೇಡಿ, ಮೆಸೇಜ್ ಅಳಿಸಬೇಡಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಹೆಂಗಸರು ಹೆಸರು ಹೇಳದೆಯೂ ಇಂಥ ದೂರು ಕೊಡಬಹುದು.