ಕಣ್ಣು ಮಂಜಾದರೆ ನಾಚಿಕೆ ಬಿಟ್ಟು ಕೂತುಬಿಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 29 ವರ್ಷ. ಬಟ್ಟೆ ಅಂಗಡಿಯಲ್ಲಿ ಸೀರೆ ಕೌಂಟರಿನ ಕೆಲಸ. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು, ಊಟದ ಅರ್ಧ ಗಂಟೆ ಬಿಟ್ಟರೆ ಕೂರುವ ಹಾಗಿಲ್ಲ. ಈ ಸಲ ಆಷಾಢ ಸೇಲ್ ಹೊತ್ತಿಗೆ ಎರಡು ಸಲ ಬಿದ್ದೆ. ಮೊದಲು ಬೆವರು ಬಂತು, ಹೊಟ್ಟೆ ತೊಳಸಿದ ಹಾಗಾಯ್ತು, ಕಣ್ಣು ಮಂಜಾಯ್ತು, ಗಿರಾಕಿ ಮಾತಾಡೋದು ಎಲ್ಲೋ ದೂರದಲ್ಲಿ ಕೇಳಿಸಿತು. ಅಷ್ಟೇ ಗೊತ್ತು. ಕೈ ಅದುರಿತಂತೆ, ಅದಕ್ಕೆ ಯಾರೋ ಫಿಟ್ಸ್ ಅಂತ ಬೀಗದ ಕೈ ಗೊಂಚಲು ಹಿಡಿಸಿದ್ದರು. ಅತ್ತೆ ದೃಷ್ಟಿ ಅಂತಾರೆ. ಇಸಿಜಿ ನಾರ್ಮಲ್ ಬಂದಿದೆ, ಹಿಮೋಗ್ಲೋಬಿನ್ 9.8. ಅಂಗಡಿಯ ಟಾಯ್ಲೆಟ್ ಮೂರನೇ ಮಹಡಿಯಲ್ಲಿ, ಹಾಗಾಗಿ ನೀರು ಜಾಸ್ತಿ ಕುಡಿಯಲ್ಲ. ಕೆಲಸ ಬಿಡಬೇಕಾ?
ದಾವಣಗೆರೆಯ ಓದುಗರು

ಉತ್ತರ: ಕೆಲಸ ಬಿಡಬೇಡಿ. ನಿಮ್ಮ ಪತ್ರದ ಅತಿ ಮುಖ್ಯ ಸಾಲು ನೀವು ಕೊನೆಗೆ, ಸುಮ್ನೆ ಹೇಳಿಬಿಟ್ಟ ಹಾಗೆ ಬರೆದದ್ದು. ಟಾಯ್ಲೆಟ್ ಮೂರನೇ ಮಹಡಿ, ನೀರು ಕುಡಿಯಲ್ಲ. ಅರ್ಧ ಕಾರಣ ಅಲ್ಲೇ ಇದೆ.

ನಾವು ಎದ್ದು ನಿಂತರೆ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಕಾಲಿಗೂ ಕೆಳಹೊಟ್ಟೆಗೂ ಇಳಿಯುತ್ತದೆ. ನಡೆದಾಡುತ್ತಿದ್ದರೆ ತೊಂದರೆ ಇಲ್ಲ, ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ರಕ್ತನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ಅಲುಗಾಡದೆ ನಿಂತರೆ ಆ ಪಂಪು ಬಂದ್. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತು ಹೃದಯ ಜೋರಾಗಿ ಬಡಿದುಕೊಂಡು ನಿಭಾಯಿಸುತ್ತದೆ. ಆಮೇಲೆ ಕೆಲವರಲ್ಲಿ ಒಂದು ವಿಚಿತ್ರ ಆಗುತ್ತದೆ: ಹೃದಯ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ, ರಕ್ತನಾಳಗಳು ಸಡಿಲ ಬಿಡುತ್ತವೆ, ಬಿಪಿ ದಢಕ್ಕನೆ ಇಳಿಯುತ್ತದೆ. ನಲ್ಲಿಯಲ್ಲಿ ಪ್ರೆಶರ್ ಇಲ್ಲದ ದಿನ ಕೆಳಗಿನ ಮನೆಗೆ ನೀರು ಬರುತ್ತದೆ, ಮಹಡಿ ಮನೆಗೆ ಏರುವುದಿಲ್ಲ ಅಲ್ವಾ, ಹಾಗೆ. ಇಲ್ಲಿ ಮಹಡಿ ಮನೆ ಅಂದರೆ ಮೆದುಳು. ಏಳೆಂಟು ಸೆಕೆಂಡು ಅದಕ್ಕೆ ರಕ್ತ ಹೋಗದಿದ್ದರೆ ಎಚ್ಚರ ತಪ್ಪುತ್ತದೆ. ಬಿದ್ದು ಮಲಗಿದ ತಕ್ಷಣ ರಕ್ತ ತಲೆಗೆ ಹೋಗಿ ಎಚ್ಚರ ಬರುತ್ತದೆ. ಡಾಕ್ಟರುಗಳು ಇದಕ್ಕೆ ವೇಸೋವೇಗಲ್ ಸಿಂಕೊಪಿ ಅನ್ನುತ್ತಾರೆ, ನಮ್ಮ ಅಜ್ಜಿಯರು ಬವಳಿ ಬಂತು ಅನ್ನುತ್ತಿದ್ದರು.

ಕೈ ಅದುರಿದ ಮಾತ್ರಕ್ಕೆ ಫಿಟ್ಸ್ ಅಲ್ಲ. ಮೆದುಳಿಗೆ ರಕ್ತ ಕಡಿಮೆಯಾದಾಗ ನಾಲ್ಕಾರು ಸಲ ಕೈಕಾಲು ಅದುರುವುದು ಮಾಮೂಲಿ. ಫಿಟ್ಸ್ ಬಂದವರು ಎದ್ದ ಮೇಲೂ ಸುಮಾರು ಹೊತ್ತು ಗಲಿಬಿಲಿಯಲ್ಲಿರುತ್ತಾರೆ, ಹಲವರಲ್ಲಿ ನಾಲಿಗೆಯ ಪಕ್ಕ ಕಚ್ಚಿದ ಗಾಯ ಇರುತ್ತದೆ. ನೀವು ಎದ್ದ ಕೂಡಲೇ ಸುತ್ತ ನಿಂತವರ ಗುರುತು ಹಿಡಿದಿದ್ದರೆ, ಬೀಳುವ ಮೊದಲು ಬೆವರು, ತೊಳಸು ಎಲ್ಲ ಇದ್ದದ್ದರಿಂದ, ಇದು ಹೆಚ್ಚಾಗಿ ಬವಳಿಯೇ. ಬೀಗದ ಕೈಯಿಂದ ಫಿಟ್ಸೂ ನಿಲ್ಲುವುದಿಲ್ಲ, ಬವಳಿಯೂ ನಿಲ್ಲುವುದಿಲ್ಲ. ಅತ್ತೆಯವರು ದೃಷ್ಟಿ ತೆಗೆಯಲಿ ಬಿಡಿ, ನಷ್ಟವಿಲ್ಲ, ಆದರೆ 9.8 ಹಿಮೋಗ್ಲೋಬಿನ್ನನ್ನು ಮರೆಯಬೇಡಿ. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದಾ, ಅದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ, ಟೀ ಜೊತೆ ನುಂಗಬೇಡಿ, ಹತ್ತುವುದಿಲ್ಲ.

ಈಗ ಕೌಂಟರಿನಲ್ಲಿ ಏನು ಮಾಡಬೇಕು ಅಂತ ಹೇಳುತ್ತೇನೆ. ತಿಂಡಿ ಬಿಡಬೇಡಿ. ಮನೆ ಬಿಡುವ ಮೊದಲು ದೊಡ್ಡ ಎರಡು ಲೋಟ ನೀರು, ಆಮೇಲೆ ಗಂಟೆಗೊಮ್ಮೆ ಒಂದೊಂದು ಲೋಟ. ಮೂರನೇ ಮಹಡಿ ಹತ್ತಿಳಿಯುವುದೇ ನಿಮ್ಮ ಮೀನಖಂಡಕ್ಕೆ ಔಷಧ, ಬೈದರೆ ಬೈಯಲಿ. ಬಿಪಿ, ಕಿಡ್ನಿ ತೊಂದರೆ ಇಲ್ಲದಿದ್ದರೆ ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ಕೌಂಟರ್ ಹಿಂದೆ ಯಾರಿಗೂ ಕಾಣುವುದಿಲ್ಲ. ಮೊದಲ ಸೂಚನೆ ಸಿಕ್ಕಿದ ಕೂಡಲೇ, ಅಂದರೆ ಆಕಳಿಕೆ, ಬೆವರು, ತೊಳಸು ಶುರುವಾದ ಕ್ಷಣವೇ, ಒಂದು ಕಾಲಿಗೆ ಇನ್ನೊಂದು ಕಾಲು ಅಡ್ಡ ಹಾಕಿ ತೊಡೆ, ಹೊಟ್ಟೆ ಬಿಗಿ ಹಿಡಿಯಿರಿ, ಎರಡೂ ಕೈಬೆರಳು ಕೊಕ್ಕೆ ಹಾಕಿಕೊಂಡು ಎಳೆಯಿರಿ. ಇದರಿಂದ ಬಿಪಿ ಏರುತ್ತದೆ, ಎಷ್ಟೋ ಸಲ ಬೀಳುವುದು ತಪ್ಪುತ್ತದೆ. ಇನ್ನೂ ಒಳ್ಳೆಯದು ಕುಕ್ಕರುಗಾಲಲ್ಲಿ ಕೂತುಬಿಡುವುದು. ಕೆಳಗಿನ ಖಾನೆಯಿಂದ ಸೀರೆ ತೆಗೆಯುವ ನೆಪ ನಿಮಗೆ ಇದ್ದೇ ಇದೆಯಲ್ಲ. ಏಳುವಾಗ ಮಾತ್ರ ನಿಧಾನ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನನ್ನ ಗದ್ದದಲ್ಲೇ ಇದೆ. ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ಆಪರೇಷನ್ ಥಿಯೇಟರಿಗೆ ಹೋದೆ, ತಿಂಡಿ ತಿಂದಿರಲಿಲ್ಲ, ಮುಖಕ್ಕೆ ಮಾಸ್ಕ್, ಒಂದೂವರೆ ಗಂಟೆ ಗೊಂಬೆಯ ಹಾಗೆ ನಿಂತೆ. ಕಣ್ಣ ಮುಂದೆ ಹಳದಿ ಹಳದಿ ಆಯಿತು. ಗೊತ್ತಾಯಿತು, ಆದರೂ ಎಲ್ಲರೆದುರು ಕೂರಲು ನಾಚಿಕೆ. ಬಿದ್ದೆ. ಸ್ಟೂಲಿನ ಅಂಚು ತಗುಲಿ ಎರಡು ಹೊಲಿಗೆ ಬಿತ್ತು, ಇವತ್ತಿಗೂ ಶೇವ್ ಮಾಡುವಾಗ ರೇಜರ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ನರ್ಸ್ ಒಬ್ಬರು ನನ್ನ ಕಾಲು ಅದೇ ಸ್ಟೂಲಿನ ಮೇಲೆ ಎತ್ತಿಟ್ಟು, ಕೂತಿದ್ದರೆ ಯಾರು ಬೈತಿದ್ರು ಅಂದರು.

ಬಿದ್ದವರಿಗೆ ಮಾಡಬೇಕಾದದ್ದೂ ಅದೇ. ಮಲಗಿಸಿ ಕಾಲು ಎತ್ತಿ ಹಿಡಿಯಿರಿ, ಗಾಳಿ ಬಿಡಿ. ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬೇಡಿ, ಎಚ್ಚರ ಬರುವ ಮುಂಚೆ ಬಾಯಿಗೆ ನೀರು ಹಾಕಬೇಡಿ. ಒಂದೆರಡು ನಿಮಿಷದಲ್ಲಿ ಎಚ್ಚರ ಬರದಿದ್ದರೆ 108ಕ್ಕೆ ಫೋನ್ ಮಾಡಿ.

ಇನ್ನು ಅಂಗಡಿಯಲ್ಲಿ ಕೂರುವ ಹಾಗಿಲ್ಲ ಅಂದಿರಲ್ಲ, ಆ ವಿಷಯ. ಕಲ್ಲಿಕೋಟೆಯ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಕೇಳಿ ಕೇಳಿ, ಕೊನೆಗೆ 2018ರಲ್ಲಿ ಕೇರಳ ಸರ್ಕಾರ ಕಾನೂನು ತಿದ್ದಿ ಅಂಗಡಿ ಕೆಲಸದವರಿಗೆ ಕೂರಲು ಆಸನ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಮಾಡಿತು. ತಮಾಷೆ ನೋಡಿ, ನಮ್ಮ ಹಳೆಯ ಜವಳಿ ಅಂಗಡಿಗಳಲ್ಲಿ ಬಿಳಿ ಹಾಸಿನ ಗಾದಿ ಮೇಲೆ ಕೂತೇ ಸೀರೆ ಬಿಚ್ಚಿ ತೋರಿಸುತ್ತಿದ್ದರು, ವ್ಯಾಪಾರವೇನೂ ಕಡಿಮೆ ಆಗಿರಲಿಲ್ಲ. ಡಾಕ್ಟರ ಚೀಟಿ ಹಿಡಿದು ಒಂದು ಸ್ಟೂಲ್ ಕೇಳಿ. ಒಬ್ಬರೇ ಹೋಗಬೇಡಿ, ಕೌಂಟರಿನ ನಾಲ್ಕು ಜನ ಒಟ್ಟಿಗೆ ಹೋಗಿ.

ಒಂದು ಎಚ್ಚರಿಕೆ. ಯಾವ ಸೂಚನೆಯೂ ಇಲ್ಲದೆ ಬಿದ್ದರೆ, ಮೆಟ್ಟಿಲು ಹತ್ತುವಾಗಲೋ ಓಡುವಾಗಲೋ ಬಿದ್ದರೆ, ಮಲಗಿದ್ದಲ್ಲೇ ಎಚ್ಚರ ತಪ್ಪಿದರೆ, ಎದೆನೋವು ಅಥವಾ ಎದೆ ಢವಢವ ಜೊತೆಗಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ, ಮೇಲಿನ ಮಾತೆಲ್ಲ ಬದಿಗಿಟ್ಟು ಹೃದಯದ ಡಾಕ್ಟರನ್ನು ನೋಡಿ. ಹಾಗೇ, ಮುಟ್ಟು ತಪ್ಪಿದ್ದರೆ ಅದನ್ನೂ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಶ್ನೆ: ನಾನು ಪಿ.ಟಿ. ಮೇಷ್ಟ್ರು. ಪ್ರತಿ ಆಗಸ್ಟ್ 15ಕ್ಕೆ ಮೂರ್ನಾಲ್ಕು ಮಕ್ಕಳು ಸಾಲಿನಲ್ಲೇ ಬೀಳುತ್ತಾರೆ. ಈಗಿನ ಮಕ್ಕಳಿಗೆ ಶಕ್ತಿಯೇ ಇಲ್ಲವೇ?

ಉತ್ತರ: ಶಕ್ತಿ ಇದೆ ಸಾರ್, ತಿಂಡಿ ಇಲ್ಲ. 2023ರ ಜೂನ್‌ನಲ್ಲಿ ಲಂಡನ್ನಿನಲ್ಲಿ ರಾಜಕುಮಾರನ ಎದುರು ಪರೇಡ್ ತಾಲೀಮು ಮಾಡುತ್ತಿದ್ದ ಸೈನಿಕರೇ 30 ಡಿಗ್ರಿ ಬಿಸಿಲಿಗೆ ಬಿದ್ದರು. ಅತಿಥಿಗಳು ಬರುವವರೆಗೆ ಮಕ್ಕಳನ್ನು ನೆರಳಿನಲ್ಲಿ ಕೂರಿಸಿ. ಅಟೆನ್ಷನ್‌ನಲ್ಲೂ ಶೂ ಒಳಗೆ ಬೆರಳು ಮಡಚಿ ಬಿಚ್ಚಲು, ಮೀನಖಂಡ ಬಿಗಿ ಮಾಡಿ ಬಿಡಲು ಹೇಳಿಕೊಡಿ. ತಲೆ ಸುತ್ತಿದರೆ ಕೂರಲು ಯಾರ ಅನುಮತಿಯೂ ಬೇಡ ಅಂತ ಮೈಕಿನಲ್ಲೇ ಹೇಳಿಬಿಡಿ.

ಪ್ರಶ್ನೆ: ನಮ್ಮ ತಂದೆಗೆ 71. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ಎರಡೂ ಇವೆ. ರಾತ್ರಿ ಬಚ್ಚಲಿಗೆ ಎದ್ದು ಹೋಗಿ ಬಿದ್ದರು. ಇದೂ ಅದೇನಾ?

ಉತ್ತರ: ಪೂರ್ತಿ ಅದೇ ಅಲ್ಲ. ವಯಸ್ಸಾದವರಲ್ಲಿ ಎದ್ದ ಕೂಡಲೇ ಬಿಪಿ ಇಳಿಯುವುದು ಬೇರೆ ತೊಂದರೆ, ಕೆಲವು ಪ್ರಾಸ್ಟೇಟ್ ಮಾತ್ರೆ, ಬಿಪಿ ಮಾತ್ರೆ ಅದನ್ನು ಜಾಸ್ತಿ ಮಾಡುತ್ತವೆ. ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಬೇಕು, ಮೇಲಿನ ಅಂಕಿ 20ರಷ್ಟು ಇಳಿದರೆ ಕಾರಣ ಸಿಕ್ಕಿತು ಅಂತ. ನೀವೇ ಮಾತ್ರೆ ನಿಲ್ಲಿಸಬೇಡಿ, ಎಲ್ಲ ಸ್ಟ್ರಿಪ್ಪನ್ನೂ ಒಂದು ಕವರಿಗೆ ಹಾಕಿಕೊಂಡು ಅವರ ಡಾಕ್ಟರ ಹತ್ತಿರ ಬೇಗ ಹೋಗಿ. ತಲೆಗೆ ಪೆಟ್ಟಾಗಿದ್ದರೆ ಇವತ್ತೇ. ಅಲ್ಲಿಯವರೆಗೆ, ರಾತ್ರಿ ಮಂಚದ ಅಂಚಿನಲ್ಲಿ ಎರಡು ನಿಮಿಷ ಕಾಲಾಡಿಸುತ್ತಾ ಕೂತು ಆಮೇಲೆ ಏಳಲಿ, ಮೂತ್ರಕ್ಕೂ ನಿಲ್ಲದೆ ಕೂತೇ ಹೋಗಲಿ, ಬಚ್ಚಲಿನ ಚಿಲಕ ಹಾಕಿಕೊಳ್ಳದಿರಲಿ.